ಕಾಯಕಜೀವಿ ಹೆಂಡದ ಮಾರಯ್ಯನವರು



ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಹೆಂಡ ಮಾರಿದವರ ಚರಿತ್ರೆ ಯಾಕ ಬೇಕಾಗಿತ್ತು ಎಂದು ಹಿರಿಯರು ಹುಬ್ಬೇರಿಸಬಹುದು. ಸುಗ್ಗಿಯ ರೊಕ್ಕ, ನೇಕಾರಿಕೆಯ ಮಜೂರಿ ಮನೆಗೆ ಮುಟ್ಟುವ ಮೊದಲೇ ಕುಡಿತದ ಅಂಗಡಿಗೆ ಮುಟ್ಟಿದ ಸಂಸಾರಗಳು ನಮ್ಮ ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಕಡಿಮೆಯೇನಲ್ಲ. ಅದಕ್ಕೇ ಈ ಶರಣರನ್ನು ನೆನೆಯಬೇಕು ಅನ್ನಿಸಿತು.

ಮಾರಯ್ಯನವರು 12ನೆಯ ಶತಮಾನದವರು, ಬಸವಣ್ಣನವರ ಸಮಕಾಲೀನರು. ಹುನಗುಂದದ ಹತ್ತಿರದ ಕೂಡಲಸಂಗಮದಲ್ಲಿ ಓದಿ ಬೆಳೆದ ಬಸವಣ್ಣನವರು ಕಲಚುರಿ ಬಿಜ್ಜಳನ ಭಂಡಾರಿಯಾಗಿ ಕಲ್ಯಾಣದಲ್ಲಿದ್ದ ಕಾಲ. ಕಾಯಕ ಮಾಡಿ ಉಣ್ಣಬೇಕು, ಉಳಿದದ್ದನ್ನು ದಾಸೋಹಕ್ಕೆ ಕೊಡಬೇಕು ಎಂಬುದು ಶರಣರ ಕಟ್ಟಳೆ. ಅಲ್ಲಿ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಎಲ್ಲರೂ ಕೂಡಿದರು. ಮಾರಯ್ಯ ಎಂಬ ಹೆಸರಿನವರೇ ಹಲವರಿದ್ದರು. ನಮ್ಮ ಪಕ್ಕದ ಲಿಂಗಸುಗೂರ ಕಡೆಯವರು ಆಯ್ದಕ್ಕಿ ಮಾರಯ್ಯ, ಕಟ್ಟಿಗೆ ಹೊರೆ ಮಾರುವವರು ಮೋಳಿಗೆಯ ಮಾರಯ್ಯ. ಹೀಗಾಗಿ ನಮ್ಮ ಮಾರಯ್ಯನವರಿಗೆ ಅವರ ಅಂಗಡಿಯ ಸರಕೇ ಹೆಸರಾಯಿತು. ಅದನ್ನು ಮುಚ್ಚಿಡಬೇಕೆಂದು ಅವರಿಗಾಗಲಿ, ಕೂಡಿದ ಶರಣರಿಗಾಗಲಿ ಅನ್ನಿಸಲಿಲ್ಲ. ಇವತ್ತಿನ ನಾವಾಗಿದ್ದರೆ ಹೆಸರು ತಿದ್ದಿ, ಅಡ್ಡಹೆಸರು ಬದಲಿಸಿ ಬಿಡುತ್ತಿದ್ದೆವೇನೋ!

ಈಚಲ ಮರದ ರಸದಿಂದ ಆದ ಹೆಂಡವನ್ನು ನಮ್ಮ ಕಡೆ ಶೇಂದಿ ಅಂತೀವಿ. ಮರದಿಂದ ಇಳಿದ ರಸ ಮೊದಲು ಸಿಹಿ. ಗಡಿಗೆಯ ಒಳಗೆ ಸುಣ್ಣ ಸವರಿದರೆ ಸಿಹಿಯಾಗೇ ನಿಲ್ಲುತ್ತದೆ, ಅದು ನೀರಾ. ಹಾಗೇ ಬಿಟ್ಟರೆ ಹೊತ್ತೇರುವುದರೊಳಗೆ ತಾನೇ ಹುಳಿತು, ನೊರೆ ಎದ್ದು, ಅಮಲು ಹಿಡಿಯುತ್ತದೆ. ಒಂದೇ ರಸ, ಒಂದೇ ಮರ. ಹೆಂಡದ ಜತೆ ಬಾಳುವೆ ಮಾಡಿದವರಿಗೆ ಅದರ ಗುಣ ಹೊರಗೆ ನಿಂತು ಬೈಯುವವರಿಗಿಂತ ಹೆಚ್ಚು ಗೊತ್ತು.

ಗಿರಾಕಿ ಅಂಗಡಿಗೆ ಬಂದರೆ ಮಾರಯ್ಯನವರು ಕುಡಿತದ ಕೇಡನ್ನು ಅವನಿಗೇ ಬಿಡಿಸಿ ಹೇಳಿ, ಬಿಡುವ ಹಾಗೆ ಬುದ್ಧಿ ಹೇಳುತ್ತಿದ್ದರು ಎಂಬ ಪ್ರತೀತಿ ಶರಣರ ಪರಂಪರೆಯಲ್ಲಿ ಉಳಿದು ಬಂದಿದೆ. ಸ್ವಲ್ಪ ವಿಚಾರ ಮಾಡಿ ನೋಡಿರಿ. ತನ್ನ ಗಿರಾಕಿಯನ್ನು ತಾನೇ ಕಳಕೊಳ್ಳುವ ಅಂಗಡಿಕಾರ! ಕುಡುಕರಿಗೆ ಮಠದ ಕಟ್ಟೆ ಮೇಲಿಂದ ಹೇಳುವವರು ಎಲ್ಲ ಕಾಲಕ್ಕೂ ಸಿಗುತ್ತಾರೆ, ಆದರೆ ಗಡಿಗೆ ಎದುರಿಗೆ ಕೂತು, ಹೆಸರು ಹಿಡಿದು ಕರೆದು ಹೇಳುವವರು ಅಪರೂಪ. ಅಂಗಡಿಗೆ ಬಂದವನನ್ನು ಅವರು ಹೀನಾಯ ಮಾಡಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅವರ 12 ವಚನಗಳು ಸಿಕ್ಕಿವೆ. ಧರ್ಮೇಶ್ವರಲಿಂಗ ಎಂಬುದು ಅಂಕಿತ. ಬಳಸಿದ್ದು ತಮ್ಮ ಕಸುಬಿನ ಮಾತನ್ನೇ. ತಾವು ಹೊತ್ತು ತಂದ ಅಮೃತಕ್ಕೆ ಗಿರಾಕಿಗಳೇ ಇಲ್ಲವಲ್ಲ ಎಂದು ಒಂದು ವಚನದಲ್ಲಿ ಕೊರಗುತ್ತಾರೆ. ಹೆಂಡಕ್ಕೆ ಸರತಿ ನಿಲ್ಲುತ್ತಿದ್ದ ಜನ ಅರಿವಿಗೆ ಬರಲಿಲ್ಲ ಎಂಬ ನೋವು ಅದು ಎಂದು ನನಗೆ ತಿಳಿದದ್ದು.

ಮುಂದೆ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆಯಾಯಿತು, ಶರಣರು ದಿಕ್ಕಾಪಾಲಾದರು. ಬಸವಣ್ಣನವರು ಸಂಗಮಕ್ಕೆ ಮರಳಿ ಇಲ್ಲಿಯೇ ಐಕ್ಯರಾದರು. ವಚನದ ಓಲೆಗಳು ಮಠ ಮನೆಗಳ ಮಾಡದಲ್ಲಿ ಸೇರಿಕೊಂಡವು.

ಅವನ್ನು ಹುಡುಕಿ ಅಚ್ಚಿಗೆ ತಂದವರಲ್ಲಿ ಮೊದಲಿಗೆ ನೆನೆಯಬೇಕಾದವರು ವಿಜಾಪುರದ ಫ.ಗು. ಹಳಕಟ್ಟಿಯವರು. ಅವರ ವಚನಶಾಸ್ತ್ರಸಾರ ಹೊರಬಂದದ್ದು 1923ರಲ್ಲಿ. ಅದಕ್ಕೂ ಮುಂಚೆ, 1912ರಲ್ಲಿ, ವಿಜಾಪುರದ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದವರೂ ಇವರೇ ಎಂಬುದನ್ನು ನಮ್ಮ ಸದಸ್ಯರು ಅಭಿಮಾನದಿಂದ ನೆನೆಯಬೇಕು. 1993ರಲ್ಲಿ ಸರಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಅಚ್ಚು ಹಾಕಿಸಿತು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಪಾಕೀಟು ಹೋಯಿತು, ಬಾಟಲಿ ಉಳಿಯಿತು. ಕಾಯಿದೆ ಅಂಗಡಿಯ ಬಾಗಿಲ ತನಕ ಬರಬಹುದು, ಒಳಗೆ ಕೂತವನ ಕೈ ಹಿಡಿಯಲು ಮಾರಯ್ಯನವರಂಥ ಮನುಷ್ಯನೇ ಬೇಕು. ಅವರ 12 ವಚನ ಓದಿ ಮುಗಿಸಲು ಅರ್ಧ ತಾಸೂ ಬೇಕಿಲ್ಲ. ಈ ಸಲದ ಬಸವ ಜಯಂತಿಗೆ ನಮ್ಮ ಗುಡಿ ಕಟ್ಟೆಯ ಮೇಲೆ ಯಾರಾದರೂ ಗಟ್ಟಿಯಾಗಿ ಓದಿದರೆ ಕೇಳಲು ನಾನಂತೂ ಬರುತ್ತೇನೆ.