ಬಣ್ಣ ಕಾಣದ ಕಣ್ಣು, ಅಳತೆ ಹಿಡಿದ ಕೈ

ಚಿತ್ರಕಾರನಾಗಬೇಕೆಂದು ಅಪ್ಪನ ಇಷ್ಟಕ್ಕೆ ವಿರುದ್ಧವಾಗಿ ಮುಂಬೈಗೆ ಹೋದ ಹುಡುಗನಿಗೆ, ಎರಡು ವರ್ಷ ಕಲಿತ ಮೇಲೆ ತನ್ನ ಕಣ್ಣಿಗೆ ಕೆಲವು ಬಣ್ಣಗಳು ಸರಿಯಾಗಿ ಕಾಣುವುದೇ ಇಲ್ಲವೆಂದು ಗೊತ್ತಾದರೆ ಹೇಗಾಗಬೇಡ? 1885ರಲ್ಲಿ ಮುಂಬೈನ ಜೆ.ಜೆ. ಕಲಾಶಾಲೆ ಸೇರಿದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಅವರಿಗೆ ಆದದ್ದು ಇದೇ. ಭಾಗಶಃ ಬಣ್ಣಗುರುಡು ಇದ್ದವರು ವರ್ಣಚಿತ್ರ ಬರೆದು ಬದುಕುವುದು ಕಷ್ಟ. ಹದಿನೆಂಟರ ವಯಸ್ಸಿನಲ್ಲಿ ಅವರ ಮುಂದಿದ್ದ ಬಾಗಿಲು ಮುಚ್ಚಿತು.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ಬಾದಾಮಿಯಿಂದ ಅದು ಬಹಳ ದೂರದ ಊರೇನಲ್ಲ. ಆದರೂ ಕಿರ್ಲೋಸ್ಕರ್ ಎಂದರೆ ನಮ್ಮ ಕಡೆಯವರಿಗೆ ಮನುಷ್ಯ ನೆನಪಾಗುವುದಿಲ್ಲ, ಹೊಲದ ಪಂಪ್‌ಸೆಟ್ಟು ನೆನಪಾಗುತ್ತದೆ. ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಡುಗುಡುಗು ಸದ್ದು ಮಾಡುತ್ತಿದ್ದ ಇಂಜಿನ್ನಿನ ಮೇಲಿನ ಹೆಸರಾಗಿಯೇ ನಾನೂ ಅದನ್ನು ಮೊದಲು ಓದಿದ್ದು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ, ಹಗಲು ಹೊತ್ತು ಬಾದಾಮಿಯ ಒಂದು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುತ್ತಿರುವಾಗ ಅವರ ಜೀವನದ ಬಗ್ಗೆ ಓದಿದೆ. ಅವತ್ತಿನಿಂದ ಆ ಹೆಸರು ನನಗೆ ಬರೀ ಇಂಜಿನ್ನಿನದಾಗಿ ಉಳಿದಿಲ್ಲ.

ಬಣ್ಣ ಕೈಕೊಟ್ಟರೂ ಲಕ್ಷ್ಮಣರಾವ್ ಊರಿಗೆ ವಾಪಸಾಗಲಿಲ್ಲ. ಅದೇ ಶಾಲೆಯಲ್ಲಿ ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು. ಅಲ್ಲಿ ಬಣ್ಣ ಬೇಕಿಲ್ಲ. ಗೆರೆ ನೇರವಿರಬೇಕು, ಅಳತೆ ಸರಿಯಿರಬೇಕು, ಅಷ್ಟೆ. ಆ ವಿದ್ಯೆಯೇ ಅವರಿಗೆ ಮುಂಬೈನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಶಿಕ್ಷಕನ ಕೆಲಸ ಕೊಡಿಸಿತು. ಪಾಠ ಮುಗಿದ ಮೇಲೆ ವರ್ಕ್‌ಶಾಪಿನಲ್ಲಿ ಯಂತ್ರಗಳ ಜೊತೆ ಕೂತು ಕೈಗೆಲಸ ಕಲಿತರು. ಆದರೆ ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯಿತು. ಅವರು ಆ ನೌಕರಿ ಬಿಟ್ಟರು.

ಕಣ್ಣು ಸುಳ್ಳು ಹೇಳಬಹುದು, ಅಳತೆ ಹೇಳುವುದಿಲ್ಲ ಎಂಬುದು ನನಗೆ ಗ್ಯಾರೇಜಿನಲ್ಲಿ ತಿಳಿದದ್ದು ಒಂದು ಕಾರಿನಿಂದ. ನಮ್ಮ ಕಾಕಾನ ಮಗ, ನನಗಿಂತ ದೊಡ್ಡವನು, ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ತಂದಿದ್ದ. ವಾರವಿಡೀ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಭಾನುವಾರ ಬಂದರೆ ಕುಳಗೇರಿ ಕ್ರಾಸ್ ದಾಟಿ ಹೆದ್ದಾರಿಯಲ್ಲಿ ಓಟ. ಪಿಕಪ್ ಹೆಚ್ಚಲಿ ಎಂದು ಕಂಪನಿಯ ಏರ್ ಫಿಲ್ಟರ್ ತೆಗೆಸಿ ಹೊರಗಿನದೊಂದು ಹಾಕಿಸಿದ್ದ. ಸ್ವಲ್ಪ ದಿನಕ್ಕೇ ಆಯಿಲ್ ಕಪ್ಪಾಯಿತು. ಒಬ್ಬ ಮೇಸ್ತ್ರಿ ಗಟ್ಟಿ ಆಯಿಲ್ ಹಾಕು ಎಂದ, ಇನ್ನೊಬ್ಬ ದುಬಾರಿ ರೇಸಿಂಗ್ ಆಯಿಲ್ ಹೆಸರು ಹೇಳಿದ, ಮೂರನೆಯವನು ಎರಡು ಬೆರಳ ನಡುವೆ ಉಜ್ಜಿ ನೋಡಿ ಇಂಜಿನ್ನೇ ಹೋಯಿತು ಎಂದ. ಸಾಲದ ಕಂತು ಇನ್ನೂ ಬಾಕಿ. ಇಂಜಿನ್ ಬಿಚ್ಚಿಸುವ ದುಡ್ಡು ಅಣ್ಣನ ಬಳಿ ಇರಲಿಲ್ಲ.

ಆಯಿಲ್ ಕಪ್ಪಾಗುವುದು ಅದು ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಇಂಜಿನ್ನಿನ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸಗಳಲ್ಲೊಂದು. ಅದು ಕೆಲಸ ಮಾಡುತ್ತಿರುವುದಕ್ಕೂ ಕಪ್ಪಾಗಬಹುದು. ಹಾಗಾದರೆ ತಿಳಿಯುವುದು ಹೇಗೆ? ಪರೀಕ್ಷೆ ಮಾಡಿಸಬೇಕು. ಇಂಜಿನ್ ಬಿಸಿ ಮಾಡಿ, ಡ್ರೈನ್ ಬೋಲ್ಟ್ ಬಿಚ್ಚಿ, ಮೊದಲು ಬೀಳುವ ಆಯಿಲ್ ಬಿಟ್ಟು ನಡುವಿನ ಧಾರೆಯನ್ನು ಶುಭ್ರ ಬಾಟಲಿಗೆ ಹಿಡಿದೆ. ಆ ಆಯಿಲ್ ಎಷ್ಟು ಕಿಲೋಮೀಟರ್ ಓಡಿದೆ, ಕಾರು ಒಟ್ಟು ಎಷ್ಟು ಓಡಿದೆ ಎಂದು ಬರೆದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕೊರಿಯರ್ ಮಾಡಿದೆವು.

ಅಲ್ಲಿ ನಡೆಯುವುದು ಸ್ವಾರಸ್ಯದ ಸಂಗತಿ. ಆಯಿಲ್‌ನ ಚೂರು ಭಾಗವನ್ನು ವಿದ್ಯುತ್ ಕಿಡಿಯಲ್ಲಿ ಅಥವಾ ಅತಿ ಬಿಸಿಯ ಪ್ಲಾಸ್ಮಾದಲ್ಲಿ ಸುಡುತ್ತಾರೆ. ಆಗ ಕಬ್ಬಿಣ, ತಾಮ್ರ, ಸೀಸ, ಅಲ್ಯೂಮಿನಿಯಂ, ಸಿಲಿಕಾನ್ ಒಂದೊಂದೂ ತನ್ನದೇ ತರಂಗಾಂತರದ ಬೆಳಕು ಸೂಸುತ್ತದೆ. ಸ್ಪೆಕ್ಟ್ರೋಮೀಟರ್ ಆ ಬೆಳಕನ್ನು ಬಿಡಿಸಿ ಅಳೆದು, ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಯಾವ ಲೋಹ ಎಂದು ಹೇಳುತ್ತದೆ. ಇದರಲ್ಲಿ ಬಹುಪಾಲು ಬೆಳಕು ಯಾರ ಕಣ್ಣಿಗೂ ಕಾಣದ ಅತಿನೇರಳೆ. ಆಯಿಲ್‌ನ ವಿಷಯದಲ್ಲಿ ನಾವೆಲ್ಲರೂ ಬಣ್ಣಗುರುಡರೇ ಎಂದು ಆಗ ಅನ್ನಿಸಿತು. ಲಕ್ಷ್ಮಣರಾವ್ ಅವರಿಗೆ ತಮ್ಮ ಕಣ್ಣಿನ ಮಿತಿ ಗೊತ್ತಿತ್ತು. ನಮ್ಮ ಓಣಿಯ ಮೇಸ್ತ್ರಿಗಳಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ವರದಿ ಬಂತು. ಸಿಲಿಕಾನ್ ಹೆಚ್ಚಿತ್ತು, ಅದರ ಜೊತೆಗೆ ಅಲ್ಯೂಮಿನಿಯಂ, ಕಬ್ಬಿಣವೂ ಏರಿದ್ದವು. ಸಿಲಿಕಾನ್ ಒಂದೇ ಏರಿದ್ದರೆ ಗ್ಯಾಸ್ಕೆಟ್ಟಿನ ಅಂಟಿನಿಂದ ಬಂದಿರಬಹುದು. ಮೂರೂ ಒಟ್ಟಿಗೆ ಏರಿದರೆ ಧೂಳು ಒಳಗೆ ಹೋಗಿ ಪಿಸ್ಟನ್ನು, ರಿಂಗು, ಸಿಲಿಂಡರನ್ನು ಉಜ್ಜುತ್ತಿದೆ ಎಂದೇ ಅನುಮಾನ ಪಡಬೇಕು. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಮರಳುಗಲ್ಲೂ, ಬನಶಂಕರಿ ಜಾತ್ರೆಯಲ್ಲಿ ಮೂಗಿಗೆ ಅಡರುವ ಧೂಳೂ ಹೆಚ್ಚಾಗಿ ಸಿಲಿಕಾವೇ. ಆ ಹೊರಗಿನ ಫಿಲ್ಟರ್ ಸರಿಯಾಗಿ ಕೂರದೆ ಸಂದಿನಲ್ಲಿ ಅದನ್ನು ಒಳಕ್ಕೆ ಬಿಡುತ್ತಿತ್ತು. ಎರಡನೆಯದು ಸ್ನಿಗ್ಧತೆ. 5ಡಬ್ಲ್ಯು-40 ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ಅಣ್ಣನ ಕಾರಿನದು ಅದಕ್ಕಿಂತ ಕೆಳಗಿಳಿದು 30ರ ದರ್ಜೆಯ ಕಡೆಗೆ ಜಾರಿತ್ತು. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಅಂಗಡಿ ಬಂದುಬಿಡುವುದರಿಂದ, ಸುಡದ ಪೆಟ್ರೋಲ್ ರಿಂಗುಗಳ ಸಂದಿನಿಂದ ಇಳಿದು ಆಯಿಲ್‌ಗೆ ಸೇರುತ್ತಿತ್ತು. ಆಮ್ಲವನ್ನು ತಡೆಯುವ ಶಕ್ತಿ ಮಾತ್ರ ಆಯಿಲ್‌ನಲ್ಲಿ ಇನ್ನೂ ಉಳಿದಿತ್ತು. ಕೈಪಿಡಿ ಹೇಳಿದ್ದ ಆಯಿಲ್‌ನಲ್ಲಿ ದೋಷವಿರಲಿಲ್ಲ.

ಇಷ್ಟು ತಿಳಿದರೂ ಮೇಸ್ತ್ರಿಗಳನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಇಲ್ಲಿ ಮತ್ತೆ ಲಕ್ಷ್ಮಣರಾವ್ ಕತೆಗೇ ಬರಬೇಕು. 1888ರಲ್ಲಿ ಅವರು, ಅಣ್ಣ ರಾಮಣ್ಣ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಆರಂಭಿಸಿದ್ದರು. ತಮ್ಮ ಮುಂಬೈನಿಂದ ಸೈಕಲ್ ಕಳಿಸುವುದು, ಅಣ್ಣ ಮಾರುವುದು, ತುಳಿಯಲು ಕಲಿಸುವುದು. ಶಿಕ್ಷಕನ ಕೆಲಸ ಬಿಟ್ಟು ಬಂದ ಮೇಲೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ಒಂದೂ ಮಾರದ ಸರಕನ್ನು ನಂಬಿ ಕೂರುವುದು ಎಂದರೇನು ಎಂಬುದು ಎರಡು ವರ್ಷ ಒಂದೂ ಕರೆ ಬಾರದ ಅರ್ಜಿದಾರರಿಗೆ ಬೇರೆ ಹೇಳಬೇಕಿಲ್ಲ. ನಂಬಿಕೆ ಬದಲಾದದ್ದು ವಾದದಿಂದಲ್ಲ, ಆ ನೇಗಿಲು ಉತ್ತ ಹೊಲದಿಂದ.

ನಾವೂ ವಾದ ಬಿಟ್ಟೆವು. ಕಂಪನಿಯ ಏರ್ ಫಿಲ್ಟರ್ ವಾಪಸ್ ಕೂರಿಸಿದೆವು. ಗಟ್ಟಿಯ 20ಡಬ್ಲ್ಯು-50 ಬೇಡವೆಂದು ಕೈಪಿಡಿಯ ದರ್ಜೆಯನ್ನೇ ಹಾಕಿದೆವು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟರ್ಬೊ ಬೇರಿಂಗಿಗೆ ಆಯಿಲ್ ಬೇಗ ಮುಟ್ಟಬೇಕು, ಗಟ್ಟಿಯಾದದ್ದು ತಡಮಾಡುತ್ತದೆ. ಪೆಟ್ರೋಲ್ ಸೇರುತ್ತಿದ್ದುದರಿಂದ ಆಯಿಲ್ ಬದಲಿಸುವ ಅಂತರ ಕಡಿಮೆ ಮಾಡಿದೆವು. ಮುಂದಿನ ಬದಲಾವಣೆಗೆ ಮತ್ತೊಂದು ಬಾಟಲಿ ಕಳಿಸಿದಾಗ ಸಿಲಿಕಾನ್ ಇಳಿದಿತ್ತು, ಕಬ್ಬಿಣವೂ ಇಳಿದಿತ್ತು. ಒಂದೇ ವರದಿ ನೋಡಿ ಆಯಿಲ್ ಆರಿಸಬಾರದು, ಎರಡು ಮೂರನ್ನು ಪಕ್ಕದಲ್ಲಿಟ್ಟು ಏರಿಳಿತ ನೋಡಬೇಕು ಎಂದು ಆಗ ಅರ್ಥವಾಯಿತು. ಈ ಪರೀಕ್ಷೆಗೂ ಮಿತಿಯಿದೆ. ದೊಡ್ಡ ಚೂರುಗಳು ಸ್ಪೆಕ್ಟ್ರೋಮೀಟರಿಗೆ ಸಿಗುವುದಿಲ್ಲ. ಅದಕ್ಕೇ ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ ಒಳಗೆ ಲೋಹದ ಹುಡಿ ಇದೆಯೇ ಎಂದೂ ನೋಡಿದೆವು. ಇರಲಿಲ್ಲ. ಅಣ್ಣನ ಸಾಲಕ್ಕೆ ಇನ್ನೊಂದು ಸಾಲ ಸೇರುವುದು ತಪ್ಪಿತು.

ಲಕ್ಷ್ಮಣರಾವ್ ಅವರ ಕಷ್ಟ ನೇಗಿಲಿಗೇ ಮುಗಿಯಲಿಲ್ಲ. ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗವೂ ಕೈತಪ್ಪಿತು. ಆಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ನೆಲ, ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟರು. ಪಾಪಾಸುಕಳ್ಳಿ, ಹಾವುಗಳಿದ್ದ ಆ ನೆಲದಲ್ಲಿ 1910ರಲ್ಲಿ 25 ಕೆಲಸಗಾರರು ಮತ್ತವರ ಕುಟುಂಬಗಳೊಂದಿಗೆ ಕಿರ್ಲೋಸ್ಕರ್‌ವಾಡಿ ಎದ್ದಿತು. ಮೊದಲ ಮಹಾಯುದ್ಧದ ಕಾಲದ ಕಬ್ಬಿಣದ ಅಭಾವವನ್ನೂ ಅದು ದಾಟಿತು. ಅವರು ಇರುವಾಗಲೇ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ ಹುಟ್ಟಿದವು. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. ಜನ್ಮಶತಮಾನೋತ್ಸವದ 1969ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಕೆಲಸ ಹುಡುಕುತ್ತಿರುವ ನನ್ನಂಥ ಗೆಳೆಯರಿಗೆ ಒಂದು ಮಾತು. ಆಯಿಲ್ ಪರೀಕ್ಷೆ ಶ್ರೀಮಂತರ ಕಾರಿಗಷ್ಟೇ ಇರುವ ಶೋಕಿಯಲ್ಲ. 1940ರ ದಶಕದಲ್ಲಿ ಅಮೆರಿಕದ ರೈಲ್ವೆಗಳು ಡೀಸೆಲ್ ಇಂಜಿನ್‌ಗಳಿಗಾಗಿ ಇದನ್ನು ಬಳಕೆಗೆ ತಂದವು. ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಇದಕ್ಕೆ ಪ್ರಯೋಗಾಲಯಗಳಿವೆ. ಗಣಿ, ಸಕ್ಕರೆ ಕಾರ್ಖಾನೆ, ಪವನ ವಿದ್ಯುತ್ ಯಂತ್ರ ಇರುವಲ್ಲೆಲ್ಲ ಆಯಿಲ್ ವರದಿ ಓದಬಲ್ಲವರು ಬೇಕು. ಈಗ ನನ್ನ ಅರ್ಜಿಗಳಲ್ಲಿ ಡಿಪ್ಲೊಮಾದ ಕೆಳಗೆ ಈ ಎರಡು ವರದಿಗಳ ಕೆಲಸವನ್ನೂ ಒಂದು ಸಾಲಿನಲ್ಲಿ ಸೇರಿಸುತ್ತಿದ್ದೇನೆ. ಕಳೆದ ವಾರ ಓಣಿಯ ಮೇಸ್ತ್ರಿಯೊಬ್ಬರು ತಮ್ಮ ಗಿರಾಕಿಯ ಜೀಪಿನ ಆಯಿಲ್ ಹಿಡಿದುಕೊಂಡು, ಬಾಟಲಿ ಎಲ್ಲಿ ಸಿಗುತ್ತದೆಂದು ಕೇಳಲು ನಮ್ಮ ಗ್ಯಾರೇಜಿಗೆ ಬಂದಿದ್ದರು.