ಗ್ರಾಫ್ ಏರುತ್ತಿರುವಾಗಲೇ ರೋಗ ಇಳಿಯಲಿದೆ ಎಂದ ವಿಲಿಯಂ ಫಾರ್

ಯಾವುದಾದರೂ ಸಾಂಕ್ರಾಮಿಕ ರೋಗ ಹರಡಿದಾಗ ಮೇಲೇರುವ ಗೆರೆಯ ಗ್ರಾಫೊಂದು ನಮ್ಮ ವಾಟ್ಸ್ಆ್ಯಪ್ ಗುಂಪುಗಳಿಗೆ ಬಂದೇ ಬರುತ್ತದೆ. ಹೀಗೇ ಏರಿದರೆ ಮುಂದಿನ ತಿಂಗಳು ಯಾರೂ ಉಳಿಯುವುದಿಲ್ಲ ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಇಂಥದೇ ಭೀತಿಯನ್ನು 1866ರಲ್ಲಿ ಅಂಕಿಗಳಿಂದ ಎದುರಿಸಿದವರು ಇಂಗ್ಲೆಂಡಿನ ವಿಲಿಯಂ ಫಾರ್.

ಫಾರ್ ಹುಟ್ಟಿದ್ದು 1807ರಲ್ಲಿ, ಶ್ರಾಪ್‌ಶೈರ್‌ನ ಕೆನ್ಲಿ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ. ಸ್ಥಳೀಯ ಜಮೀನುದಾರರೊಬ್ಬರ ನೆರವಿನಿಂದ ಓದು ಮುಂದುವರಿಯಿತು. ಪ್ಯಾರಿಸ್‌ನಲ್ಲಿ ವೈದ್ಯಕೀಯ ಕಲಿತರು. ಆದರೆ ಅವರಿಗೆ ಹೆಸರು ತಂದದ್ದು ಸ್ಟೆತಾಸ್ಕೋಪ್ ಅಲ್ಲ, ಸಾವಿನ ಲೆಕ್ಕ. ಇಂಗ್ಲೆಂಡಿನ ಜನನ-ಮರಣ ನೋಂದಣಿ ಕಚೇರಿಯಲ್ಲಿ ಸುಮಾರು 40 ವರ್ಷ ದುಡಿದರು. ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಸಾವಿನ ಅಂಕಿಗಳನ್ನು ವಿಶ್ಲೇಷಿಸುವಾಗ ನೆರವಾದವರೂ ಇವರೇ.

1865ರಲ್ಲಿ ಬ್ರಿಟನ್ನಿನ ದನಗಳಿಗೆ ರಿಂಡರ್‌ಪೆಸ್ಟ್ ಎಂಬ ಮಾರಕ ರೋಗ ತಗುಲಿತು. ಲಸಿಕೆ ಇರಲಿಲ್ಲ. ರೋಗ ಮಿತಿಮೀರಿ ಬೆಳೆಯಲಿದೆ ಎಂಬ ಎಚ್ಚರಿಕೆ ಸಂಸತ್ತಿನಲ್ಲೂ ಕೇಳಿಬಂತು. 1866ರ ಫೆಬ್ರವರಿಯಲ್ಲಿ ಫಾರ್ ಡೈಲಿ ನ್ಯೂಸ್ ಪತ್ರಿಕೆಗೆ ಬರೆದು, ರೋಗ ಬೇಗನೆ ಇಳಿಮುಖವಾಗಲಿದೆ ಎಂದರು.

ಧೈರ್ಯ ಎಲ್ಲಿಂದ ಬಂತು? ಲೆಕ್ಕ ನೋಡೋಣ. ನಾಲ್ಕು ನಾಲ್ಕು ವಾರಗಳ ಹೊಸ ಪ್ರಕರಣಗಳು ಸುಮಾರು 9,600, ನಂತರ 18,800, ನಂತರ 33,800, ಕೊನೆಗೆ 47,200. ಬರೀ ಸಂಖ್ಯೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಈಗ ಒಂದು ಬಿಂದುವಿನಿಂದ ಮುಂದಿನ ಬಿಂದುವಿಗೆ ಎಷ್ಟು ಏರಿತು ನೋಡಿ: 9,200, ಆಮೇಲೆ 15,000, ಆಮೇಲೆ 13,400. ಇದೇ ಸ್ಲೋಪ್, ಅಂದರೆ ಗೆರೆ ಎಷ್ಟು ಕಡಿದಾಗಿದೆ ಎಂಬ ಅಳತೆ. ಗೆರೆ ಇನ್ನೂ ಮೇಲಕ್ಕೇ ಹೋಗುತ್ತಿದೆ, ಆದರೆ ಏರಿನ ಕಡಿದು ಕಡಿಮೆಯಾಗಿದೆ. ಫಾರ್ ನೋಡಿದ್ದು ಎಷ್ಟು ಪಟ್ಟು ಎಂಬುದನ್ನು. ಅಲ್ಲಿ ಚಿತ್ರ ಇನ್ನೂ ಸ್ಪಷ್ಟ: ಮೊದಲು ಹೆಚ್ಚುಕಡಿಮೆ 2 ಪಟ್ಟು, ಬಳಿಕ 1.8, ಬಳಿಕ 1.4. ಎಲ್ಲ ಅವಧಿಗಳೂ ನಾಲ್ಕೇ ವಾರ ಎಂಬುದನ್ನು ಮರೆಯಬೇಡಿ. ಒಂದು ಕಡೆ ವಾರ, ಇನ್ನೊಂದು ಕಡೆ ತಿಂಗಳು ಹಿಡಿದರೆ ಈ ಹೋಲಿಕೆಗೆ ಅರ್ಥವಿಲ್ಲ.

ಅದೇ ವರ್ಷ ರೋಗ ಇಳಿಯಿತು. ಆದರೆ ಫಾರ್ ಹೇಳಿದ್ದಕ್ಕಿಂತ ತಡವಾಗಿ, ನಿಧಾನವಾಗಿ. ಅದೇ ಫೆಬ್ರವರಿಯಲ್ಲಿ ಸೋಂಕಿತ ದನಗಳನ್ನು ಕಡ್ಡಾಯವಾಗಿ ಕೊಲ್ಲುವ ಕಾನೂನೂ ಬಂದಿತ್ತು. ಹಾಗಾಗಿ ಶ್ರೇಯವನ್ನೆಲ್ಲ ಅವರ ಲೆಕ್ಕಕ್ಕೇ ಕೊಡುವುದು ನಮಗೆ ಸರಿ ಕಾಣುವುದಿಲ್ಲ.

ಸ್ಲೋಪ್ ಅವರನ್ನು ದಾರಿ ತಪ್ಪಿಸಿದ್ದೂ ಉಂಟು. 1849ರ ಲಂಡನ್ ಕಾಲರಾದಲ್ಲಿ ಥೇಮ್ಸ್ ದಂಡೆಯ ತಗ್ಗು ಪ್ರದೇಶದಲ್ಲಿ ಸಾವು ಹೆಚ್ಚು, ಎತ್ತರಕ್ಕೆ ಹೋದಂತೆ ಕಡಿಮೆ. ಅಂಕಿ ಸರಿಯಾಗಿತ್ತು. ಕಾರಣ ಕೆಟ್ಟ ಗಾಳಿ ಎಂದದ್ದು ತಪ್ಪಾಗಿತ್ತು. 1866ರಲ್ಲಿ ಪೂರ್ವ ಲಂಡನ್‌ನಲ್ಲಿ ಕಾಲರಾ ಮತ್ತೆ ಬಂದಾಗ, ಯಾವ ಮನೆಗೆ ಯಾವ ಕಂಪನಿಯ ನೀರು ಎಂದು ಹುಡುಕಿದ ಫಾರ್, ಕೊಳಕು ನೀರಿನತ್ತ ಬೆರಳು ತೋರಿಸಿದರು.

ಕಚೇರಿಯ ಮುಖ್ಯಸ್ಥನ ಹುದ್ದೆ ಮಾತ್ರ ಅವರಿಗೆ ಕೊನೆಗೂ ಸಿಗಲಿಲ್ಲ. ಅದು ಬೇರೆಯವರ ಪಾಲಾದಾಗ ಕೆಲಸ ಬಿಟ್ಟರು. 1883ರಲ್ಲಿ ತೀರಿಕೊಂಡರು.