ಜೇಕಬ್ ರಾಬಿನೊ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಲ್ಲಿ ಸುಣ್ಣಕಲ್ಲು ಹೇರಳವಾಗಿದೆ. ಅದನ್ನು ಸುಟ್ಟು ಸಿಮೆಂಟು ತಯಾರಿಸುವ ಕುಲುಮೆಯೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖವಿರುತ್ತದೆ. ಹಗಲಿರುಳೂ ಉರುಳುವ ಆ ಕುಲುಮೆಯನ್ನು ಹೊತ್ತ ಬೇರಿಂಗುಗಳಿಗೆ ಎಣ್ಣೆ, ಗ್ರೀಸುಗಳು ಬೇಕೇ ಬೇಕು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನೂ ಇದನ್ನು ಬಲ್ಲನು. ಇಂತಹ ಜಿಡ್ಡಿಗೆ ಕಬ್ಬಿಣದ ಪುಡಿ ಬೆರೆಸಿ, ಅಯಸ್ಕಾಂತದ ಅಂಕೆಗೆ ಒಳಪಡಿಸಿದ ಸಂಶೋಧಕರೇ ಜೇಕಬ್ ರಾಬಿನೊ.

ಇವರು 1910ರಲ್ಲಿ, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಯುಕ್ರೇನಿನಲ್ಲಿರುವ ಖಾರ್ಕಿವ್ ನಗರದಲ್ಲಿ ಜನಿಸಿದರು. ಯುದ್ಧ ಮತ್ತು ಕ್ರಾಂತಿಗಳ ಕಾಲದಲ್ಲಿ ಕುಟುಂಬವು ಸೈಬೀರಿಯಕ್ಕೆ, ಅಲ್ಲಿಂದ ಚೀನಾಕ್ಕೆ ತೆರಳಿತು. ಚೀನಾದಲ್ಲಿ ತಂದೆ ತೀರಿಕೊಂಡರು. 1921ರಲ್ಲಿ ತಾಯಿಯು ಮಕ್ಕಳೊಡನೆ ಅಮೆರಿಕವನ್ನು ಸೇರಿದಳು. ಭಾಷೆಯೇ ತಿಳಿಯದ ನಾಡಿನಲ್ಲಿ ಬಾಲಕನು ಛಲದಿಂದ ಓದಿದನು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆದಾಗ ದೇಶದಲ್ಲಿ ಆರ್ಥಿಕ ಮುಗ್ಗಟ್ಟು ತಾಂಡವವಾಡುತ್ತಿತ್ತು. ಓದಿಗೆ ತಕ್ಕ ಕೆಲಸ ದೊರೆಯದೆ ರೇಡಿಯೋ ದುರಸ್ತಿಯಿಂದ ಜೀವನ ಸಾಗಿಸಬೇಕಾಯಿತು. 1938ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ನೌಕರಿ ದೊರೆಯಿತು. ನೀರಿನ ಹರಿವನ್ನು ಅಳೆಯುವ ಮಾಪಕಗಳನ್ನು ಪರೀಕ್ಷಿಸುವುದು ಅವರ ಮೊದಲ ಕೆಲಸವಾಗಿತ್ತು.

1940ರ ದಶಕದ ಕೊನೆಯಲ್ಲಿ ಅವರು ಹೊಸ ಬಗೆಯ ಕ್ಲಚ್ಚನ್ನು ರಚಿಸಿದರು. ಎರಡು ಲೋಹದ ತಟ್ಟೆಗಳ ನಡುವೆ, ತೂಕದಲ್ಲಿ ಒಂಬತ್ತು ಪಾಲು ಕಬ್ಬಿಣದ ನುಣುಪಾದ ಪುಡಿಯನ್ನು ಒಂದು ಪಾಲು ಎಣ್ಣೆಯೊಡನೆ ಬೆರೆಸಿ ತುಂಬಿದರು. ವಿದ್ಯುತ್ತು ಹರಿದು ಕಾಂತಕ್ಷೇತ್ರ ಉಂಟಾದೊಡನೆ ಕಣಗಳು ಸರಪಳಿಯಂತೆ ಸಾಲುಗಟ್ಟಿ, ದ್ರವವು ಗಟ್ಟಿಯಾಗಿ ತಟ್ಟೆಗಳನ್ನು ಬೆಸೆಯುತ್ತಿತ್ತು. ವಿದ್ಯುತ್ತು ನಿಂತರೆ ಮತ್ತೆ ಮೊದಲಿನಂತೆಯೇ ಸಡಿಲವಾಗುತ್ತಿತ್ತು. 1951ರಲ್ಲಿ ಅವರಿಗೆ ಈ ಕ್ಲಚ್ಚಿನ ಪೇಟೆಂಟು ದೊರೆಯಿತು.

ಆದರೆ ಭಾರವಾದ ಕಬ್ಬಿಣವು ಎಣ್ಣೆಯಲ್ಲಿ ತಳ ಸೇರುತ್ತಿತ್ತು. ಅದನ್ನು ತಡೆಯಲು ರಾಬಿನೊ ಅವರು ಮಿಶ್ರಣಕ್ಕೆ ಗ್ರೀಸನ್ನೂ ಬಳಸಿದರು. ಗ್ರೀಸಿನಲ್ಲಿ ಸಾಬೂನಿನ ಸೂಕ್ಷ್ಮ ಎಳೆಗಳು ಬಲೆಯಂತೆ ಹೆಣೆದುಕೊಂಡು ಎಣ್ಣೆಯನ್ನೂ ಕಣಗಳನ್ನೂ ಹಿಡಿದಿರುತ್ತವೆ. ಈ ಬಲೆಗೆ ಶಾಖವೇ ಶತ್ರು. ತಟ್ಟೆಗಳು ಜಾರಿದಾಗ ಹುಟ್ಟುವ ಬಿಸಿಯಿಂದ ಎಣ್ಣೆ ತೆಳುವಾಗುತ್ತದೆ, ಬಲೆ ಸಡಿಲಗೊಂಡು ಎಣ್ಣೆ ಬಸಿಯುತ್ತದೆ, ಕಣಗಳು ಕುಸಿಯುತ್ತವೆ. ಅಲ್ಪಕಾಲದ ಬಿಸಿಯಾದರೆ ಆರಿದ ಮೇಲೆ ಗ್ರೀಸು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಬಹುಕಾಲ ಕಾದರೆ ಗಾಳಿಯ ಆಮ್ಲಜನಕದೊಡನೆ ಬೆರೆತು ಕೆಟ್ಟುಹೋಗುತ್ತದೆ. ಕಬ್ಬಿಣವು ತನ್ನ ಕಾಂತಗುಣವನ್ನು ನೀಗುವುದು ಸುಮಾರು 770 ಡಿಗ್ರಿಯಲ್ಲಿ. ಅದಕ್ಕೆ ಎಷ್ಟೋ ಮೊದಲೇ ಗ್ರೀಸು ಸೋಲೊಪ್ಪುತ್ತದೆ. ಕಬ್ಬಿಣ ಎಷ್ಟು ಗಟ್ಟಿಯಾದರೇನು? ಅದನ್ನು ಹಿಡಿದಿರುವ ಜಿಡ್ಡಿನ ತಾಳಿಕೆಯೇ ಯಂತ್ರದ ತಾಳಿಕೆ.

ಕೆಲವು ದಶಕಗಳ ಕಾಲ ಈ ಶೋಧವು ಹೆಚ್ಚು ಬಳಕೆಗೆ ಬರಲಿಲ್ಲ. ರಾಬಿನೊ ಅವರು ಎದೆಗುಂದಲಿಲ್ಲ. ಅಂಚೆಯನ್ನು ವಿಂಗಡಿಸುವ ಯಂತ್ರ, ಅಚ್ಚಾದ ಅಕ್ಷರಗಳನ್ನು ಓದುವ ಯಂತ್ರ ಮೊದಲಾದವುಗಳನ್ನು ರಚಿಸಿ, ಸುಮಾರು 230 ಪೇಟೆಂಟುಗಳನ್ನು ಗಳಿಸಿದರು. 1990ರ ದಶಕದಲ್ಲಿ ಕಾಂತೀಯ ದ್ರವಗಳು ಮರಳಿ ವಿಜ್ಞಾನಿಗಳ ಗಮನ ಸೆಳೆದಾಗ ಅದನ್ನು ಕಾಣುವ ಭಾಗ್ಯ ಅವರದಾಯಿತು. 1999ರಲ್ಲಿ ಅವರು ನಿಧನ ಹೊಂದಿದರು. ನೆಲೆ ತಪ್ಪಿ ಬಂದ ಬಾಲಕನೊಬ್ಬನು ಕಷ್ಟಗಳ ಬೇಗೆಯಲ್ಲಿ ಕರಗಿಹೋಗದೆ ಜಗತ್ತಿಗೆ ಉಪಕಾರಿಯಾದ ಬಗೆಯನ್ನು ಅವರ ಬಾಳು ತೋರಿಸುತ್ತದೆ.